ಫೋನ್ ಬಾರದ ಶನಿವಾರ

ಹಿಂದಿನ ಸಂಚಿಕೆಯಲ್ಲಿ ನಾನೇ ಒಂದು ಪ್ರಶ್ನೆ ಕೇಳಿದ್ದೆ: ಸೇನೆಯಲ್ಲಿರುವವರ ಹೆಂಡತಿಯೋ ಗಂಡನೋ ಆಗಿರುವ ನೀವು ವಾರಾಂತ್ಯದ ಬಿಡುವಿನ ಸಂಜೆಯನ್ನು ಹೇಗೆ ಕಳೆಯುತ್ತೀರಿ? ಉತ್ತರ ಬರಲಿ ಅಂತ ಕಾದರೆ ಬಂದದ್ದೆಲ್ಲ ಮರುಪ್ರಶ್ನೆಗಳೇ. "ಬಿಡುವಿನ ಸಂಜೆ ಅಂದರೆ ಯಾವುದು ಅಕ್ಕಾ?" ಅಂತ ಒಬ್ಬಾಕೆ ಒಂದೇ ಸಾಲು ಬರೆದು ಕಳಿಸಿದ್ದಾಳೆ. ಹಾಗಾಗಿ ಈ ಸಲ ಇಡೀ ಅಂಕಣ ಇದೊಂದೇ ವಿಷಯಕ್ಕೆ.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಕಾಲ್ದಳದವರೊಬ್ಬರ ಕೈ ಹಿಡಿದು 19 ವರ್ಷವಾಯಿತು. ಎಂಟು ಮನೆ ಬದಲಾಯಿಸಿದ್ದೇನೆ. ಇಬ್ಬರು ಮಕ್ಕಳು. ನಮ್ಮವರು ಮನೆಯಲ್ಲಿದ್ದ ಶನಿವಾರಗಳನ್ನು ಎಣಿಸುವ ಚಟ ಮೊದಮೊದಲು ಇತ್ತು, ಆಮೇಲೆ ಬಿಟ್ಟೆ. ಎಣಿಸಿದಷ್ಟೂ ಜಗಳಕ್ಕೆ ಸಾಮಗ್ರಿ ಜಾಸ್ತಿಯಾಗುತ್ತಿತ್ತು. ಪತ್ರ ಬರೆದವರ ಹೆಸರು, ಊರು, ಘಟಕ ಯಾವುದನ್ನೂ ಇಲ್ಲಿ ಹಾಕಿಲ್ಲ.

ಪ್ರಶ್ನೆ: ಮದುವೆಯಾಗಿ ಏಳು ತಿಂಗಳು. ಅದರಲ್ಲಿ ಮೂರು ತಿಂಗಳಿಂದ ಇವರು ದೂರದಲ್ಲಿದ್ದಾರೆ. ಫೋನ್ ಮಾಡಿದರೆ ಶನಿವಾರ ಸಂಜೆ ಏಳರಿಂದ ಒಂಬತ್ತರ ಒಳಗೆ ಮಾಡುತ್ತಾರೆ. ಆ ಹೊತ್ತಿನಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ, ಸ್ನಾನಕ್ಕೂ ಹೋಗುವುದಿಲ್ಲ. ಬರದಿದ್ದರೆ ಅಳು. ಭಾನುವಾರವೂ ಹಾಳು. ಇದು ನನಗೊಬ್ಬಳಿಗೇನಾ ಅಕ್ಕಾ?

ನಿನಗೊಬ್ಬಳಿಗಲ್ಲ ತಂಗಿ. ಮದುವೆಯ ಎರಡನೇ ವರ್ಷ ನಾನು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಚ್ಚಲುಮನೆಗೆ ಒಯ್ಯುತ್ತಿದ್ದೆ. ಸೋಪಿನ ಗೂಡಿನಲ್ಲಿ ಅದನ್ನಿಟ್ಟು, ನೀರಿನ ಸದ್ದಿಗೆ ರಿಂಗ್ ಕೇಳದೆ ಹೋದೀತು ಅಂತ ಚೊಂಬಿನಿಂದ ನಿಧಾನವಾಗಿ, ಕಳ್ಳಿಯ ಹಾಗೆ ನೀರು ಹುಯ್ದುಕೊಳ್ಳುತ್ತಿದ್ದೆ. ಆರರಿಂದ ಹನ್ನೊಂದರವರೆಗೆ ಒಂದೇ ಕುರ್ಚಿಯಲ್ಲಿ ಕೂತು, ಕೊನೆಗೆ ಕಾಲು ಜೋಮು ಹಿಡಿದು ಎದ್ದು ಬಿದ್ದದ್ದೂ ಉಂಟು. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಇರಬಹುದು, ಆದರೆ ಅದರಿಂದ ನನಗೂ ಅವರಿಗೂ ನಯಾಪೈಸೆಯ ಉಪಯೋಗ ಆಗಲಿಲ್ಲ.

ಆಗ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಅವರ ಗಂಡ ಜಲಾಂತರ್ಗಾಮಿಯಲ್ಲಿ. ನೀರಿನ ಕೆಳಗೆ ಹೋದರೆಂದರೆ ವಾರಗಟ್ಟಲೆ ಫೋನೂ ಇಲ್ಲ, ಕಾಗದವೂ ಇಲ್ಲ. ಅಂಥವರು ಪ್ರತಿ ಶನಿವಾರ ಸಂಜೆ ತಲೆಗೆ ಎಣ್ಣೆ ಒತ್ತಿಕೊಂಡು, ರೇಡಿಯೊ ಹಚ್ಚಿ, ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಈ ಹೆಂಗಸಿಗೆ ಚಿಂತೆಯೇ ಇಲ್ಲವಲ್ಲ ಅಂತ. ಒಂದು ದಿನ ಕೇಳಿಯೇಬಿಟ್ಟೆ. ಅವರು ಹೇಳಿದ್ದು ಇಷ್ಟೇ: "ಫೋನ್ ಬರಲಿಲ್ಲ ಅನ್ನೋದು ಸುದ್ದಿ ಅಲ್ಲ ಕಣೇ. ಅದು ಬರೀ ಫೋನ್ ಬರಲಿಲ್ಲ ಅನ್ನೋದು."

ಆಮೇಲೆ ಓದಿ ತಿಳಿದುಕೊಂಡೆ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳಲ್ಲಿ ಇರುವವರಿಗೆ ಮನೆಯವರು ವಾರಕ್ಕೊಂದು ಸಂದೇಶ ಕಳಿಸಬಹುದು. ಮೊದಲು 40 ಪದಗಳ ಮಿತಿಯಿತ್ತು, ಆಮೇಲೆ 120 ಆಯಿತು. ಅತ್ತಲಿಂದ ಉತ್ತರ ಮಾತ್ರ ಬರುವುದಿಲ್ಲ, ಯಾಕೆಂದರೆ ಉತ್ತರ ಹೊರಟರೆ ಹಡಗು ಎಲ್ಲಿದೆಯೆಂದು ಗೊತ್ತಾಗಿಬಿಡುತ್ತದೆ. ಹೋಗುವುದಷ್ಟೇ, ಬರುವುದಿಲ್ಲ. ಅಂಥ ಮನೆಗಳಲ್ಲೂ ಶನಿವಾರ ಬರುತ್ತದೆ, ಹೋಗುತ್ತದೆ.

ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಫೋನ್ ಬರದಿರುವುದಕ್ಕೆ ನೂರು ಕಾರಣ: ಸಿಗ್ನಲ್ ಇಲ್ಲ, ಡ್ಯೂಟಿ ಬದಲಾಯಿತು, ಸರದಿಯಲ್ಲಿ ಇಪ್ಪತ್ತು ಜನ ಮುಂದಿದ್ದರು, ಬೂಟು ಬಿಚ್ಚುತ್ತ ಕೂತಲ್ಲೇ ನಿದ್ದೆ ಹೋದರು. ಆದರೆ ಇನ್ನೊಂದು ಕಾರಣವೂ ಇದೆ. ಅನಾಹುತವಾದಾಗ, ಸಂಬಂಧಪಟ್ಟ ಮನೆಗೆ ಸುದ್ದಿ ಮುಟ್ಟುವ ತನಕ ಇಡೀ ಶಿಬಿರದ ಫೋನು, ಇಂಟರ್ನೆಟ್ಟು ಬಂದ್ ಮಾಡುವ ಪದ್ಧತಿ ಕೆಲವು ಸೇನೆಗಳಲ್ಲಿದೆ. ಬ್ರಿಟಿಷ್ ಸೇನೆ ಇದನ್ನು 'ಆಪ್ ಮಿನಿಮೈಸ್' ಅನ್ನುತ್ತಿತ್ತು. ಗಾಳಿಸುದ್ದಿಗಿಂತ ಮೊದಲು ನಿಜವಾದ ಸುದ್ದಿ ಮುಟ್ಟಲಿ ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಇದು ಗೊತ್ತಿರುವ ಹೆಂಡತಿಗೆ ಮೌನವೇ ಎದೆ ಧಸಕ್ಕೆನ್ನಿಸುತ್ತದೆ. ಅದನ್ನು ಬೇಡ ಅನ್ನಲು ನನ್ನಿಂದಲೂ ಆಗುವುದಿಲ್ಲ. ಹೇಳಬಲ್ಲದ್ದು ಇಷ್ಟು: ದೊಡ್ಡ ಸುದ್ದಿಯನ್ನು ಮನೆ ಬಾಗಿಲಿಗೆ ಬಂದು ಹೇಳುವ ವ್ಯವಸ್ಥೆ ಹಲವು ಸೇನೆಗಳಲ್ಲಿದೆ. ಅದು ನೀನು ಕುರ್ಚಿಯಲ್ಲಿ ಕೂತಿದ್ದೀಯೋ ಬಚ್ಚಲಲ್ಲಿದ್ದೀಯೋ ನೋಡಿ ಬರುವುದಿಲ್ಲ. ನೀನು ಕಾದು ಕೂತದ್ದರಿಂದ ಏನೂ ತಪ್ಪಿಹೋಗುವುದಿಲ್ಲ.

ನಾನು ಮಾಡಿದ ಉಪಾಯ ಬಹಳ ಸಣ್ಣದು. ಬಾಯಗಲದ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಫೋನನ್ನು ನಿಲ್ಲಿಸಿ ಅಡುಗೆಮನೆಯ ಶೆಲ್ಫಿನ ಮೇಲೆ ಇಡುವುದು. ರಿಂಗಾದರೆ ಡಬ್ಬಿಯೇ ಗಂಟೆಯ ಹಾಗೆ ಕಂಪಿಸಿ ಇಡೀ ಮನೆಗೆ ಕೇಳುತ್ತದೆ, ಮಹಡಿಯ ಮೆಟ್ಟಿಲಿಗೂ ಕೇಳುತ್ತದೆ. ಮೊದಲ ವಾರ ಹತ್ತು ಸಲ ಹೋಗಿ ಡಬ್ಬಿಯೊಳಗೆ ಇಣುಕಿದೆ. ಮೂರನೇ ವಾರಕ್ಕೆ ಎರಡು ಸಲ. ನಡುವೆ ಏನು ಮಾಡಿದೆ ಅಂದರೆ, ಎಂದೋ ಬಿಟ್ಟಿದ್ದ ಕ್ರೋಶಾ ಕಡ್ಡಿ ಹಿಡಿದೆ. ಆ ವರ್ಷ ಹೆಣೆದ ಮೇಜುಹಾಸಿನ ಒಂದು ಮೂಲೆ ಬಿಗಿ, ಇನ್ನೊಂದು ಮೂಲೆ ಸಡಿಲ. ಎಲ್ಲಿಂದ ನಾನು ಇಣುಕುವುದನ್ನು ಬಿಟ್ಟೆ ಅಂತ ಇವತ್ತಿಗೂ ಹೆಣಿಗೆ ನೋಡಿ ಹೇಳಬಲ್ಲೆ.

ಜೊತೆಗೆ ಇವರಿಗೂ ಒಂದು ಮಾತು ಹೇಳಿಟ್ಟೆ: "ನಾನು ಫೋನ್ ಎತ್ತದಿದ್ದರೆ ಸುಖವಾಗಿದ್ದೇನೆ ಅಂತ ತಿಳಿಯಿರಿ." ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಉಸ್ಸಪ್ಪಾ ಅಂದರು. ನಾನು ಕಾಯುತ್ತಿರುತ್ತೇನೆ ಅನ್ನುವ ಭಯಕ್ಕೇ, ಮಾತಾಡಲು ತ್ರಾಣವಿಲ್ಲದ ದಿನವೂ ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಲು ಹೋಗಿ ಒಬ್ಬರನ್ನೊಬ್ಬರು ಕಟ್ಟಿಹಾಕಿಕೊಂಡಿದ್ದೆವು.

ನೀನು ಈ ಶನಿವಾರ ಸ್ನಾನದಿಂದ ಶುರುಮಾಡು. ಬಾಗಿಲು ಹಾಕಿಕೊಂಡು, ಬಿಸಿ ನೀರು ಮುಗಿಯುವ ತನಕ.

ಪ್ರಶ್ನೆ: ನಾಲ್ಕು ವರ್ಷದವನೊಬ್ಬ, ಒಂಬತ್ತು ವರ್ಷದವಳೊಬ್ಬಳು. ಅವರು ಮಲಗುವ ತನಕ ನನಗೆ ಸಂಜೆಯೇ ಇಲ್ಲ. ಅಪ್ಪ ಇದ್ದಾಗ ಕಥೆ ಹೇಳಿ ಮಲಗಿಸುತ್ತಿದ್ದರು. ಈಗ ನಾನು ಹೇಳಿದರೆ "ನೀನಲ್ಲ" ಅಂತ ಹಟ. ಅವರು ಮಲಗುವಷ್ಟರಲ್ಲಿ ನಾನೂ ಕೂತಲ್ಲೇ ತೂಕಡಿಸುತ್ತೇನೆ.

ನಿಮ್ಮವರು ಮುಂದಿನ ಸಲ ಹೊರಡುವ ಮುಂಚೆ ಕಥೆಗಳನ್ನು ಧ್ವನಿಮುದ್ರಣ ಮಾಡಿಸಿಕೊಳ್ಳಿ. ಈಗಲೂ ತಡವಿಲ್ಲ, ಅಲ್ಲಿಂದಲೇ ಕಳಿಸಲು ಸಾಧ್ಯವಾದರೆ ವಾರಕ್ಕೊಂದು ಸಾಕು. ಇದೇನು ಹೊಸ ಉಪಾಯವಲ್ಲ. ಅಮೆರಿಕದಲ್ಲಿ ನೌಕಾಪಡೆಯ ವೈದ್ಯರೊಬ್ಬರು ದೀರ್ಘ ಪ್ರಯಾಣ ಮುಗಿಸಿ ಮನೆಗೆ ಬಂದಾಗ ಅವರ ಪುಟ್ಟ ಮಗಳು ಅಪ್ಪನ ಗುರುತೇ ಹಿಡಿಯಲಿಲ್ಲ. ಆ ಸಂಕಟದಿಂದ ಅವರ ಪತ್ನಿ 1989ರಲ್ಲಿ 'ಯುನೈಟೆಡ್ ಥ್ರೂ ರೀಡಿಂಗ್' ಎಂಬ ಸಂಸ್ಥೆ ಕಟ್ಟಿದರು. ದೂರ ಹೋಗುವ ಅಪ್ಪ ಅಮ್ಮಂದಿರು ಪುಸ್ತಕ ಓದುವುದನ್ನು ಚಿತ್ರೀಕರಿಸಿ, ಮನೆಯಲ್ಲಿರುವ ಮಕ್ಕಳಿಗೆ ಮುಟ್ಟಿಸುವ ಕೆಲಸ ಅವರದು. ನಮಗೆ ಸಂಸ್ಥೆಯೂ ಬೇಡ, ಜೇಬಿನ ಫೋನ್ ಸಾಕು.

ನಮ್ಮವರು ಹನ್ನೊಂದು ಕಥೆ ಓದಿ ಕಳಿಸಿದ್ದರು. ನಾಲ್ಕನೆಯದರ ನಡುವೆ, ನರಿ ಬಾವಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಯಾರೋ ಹೊರಗಿನಿಂದ ಕೂಗುತ್ತಾರೆ. ಇವರು ಓದು ನಿಲ್ಲಿಸಿ "ಬಂದೆ ಸಾರ್!" ಅಂತ ಗಟ್ಟಿಯಾಗಿ ಅಂದು, ಬಾಗಿಲ ಸದ್ದು, ಐದಾರು ನಿಮಿಷ ಬರೀ ಫ್ಯಾನಿನ ಸದ್ದು, ಮತ್ತೆ ಬಂದು "ಎಲ್ಲಿದ್ದೆವು? ಹಾಂ, ಬಾವಿ" ಅಂತ ಮುಂದುವರಿಸುತ್ತಾರೆ. ಅದನ್ನು ಕತ್ತರಿಸಿ ಕಳಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ನಮ್ಮ ಮಕ್ಕಳಿಗೆ ಅದೇ ಅತಿ ಪ್ರಿಯವಾದ ಕಥೆಯಾಯಿತು. ನರಿ ಬಿದ್ದ ಕೂಡಲೇ ಇಬ್ಬರೂ ಹಾಸಿಗೆಯಲ್ಲಿ ಎದ್ದು ನಿಂತು "ಬಂದೆ ಸಾರ್!" ಅನ್ನುತ್ತಿದ್ದರು. ಫ್ಯಾನಿನ ಸದ್ದು ಕೇಳುತ್ತ ಕೇಳುತ್ತ ಚಿಕ್ಕವನು ನಿದ್ದೆ ಹೋಗುತ್ತಿದ್ದ. ಒಳ್ಳೆಯ ಓದುಗಾರಿಕೆಗಿಂತ ಅಪ್ಪ ಎದ್ದು ಹೋಗಿ ವಾಪಸ್ ಬರುವುದೇ ಅವನಿಗೆ ಬೇಕಿತ್ತೋ ಏನೋ.

ಒಂದು ಕಥೆಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಪಾತ್ರೆ ತೊಳೆಯಲು ಹೋಗಬೇಡಿ, ದಯವಿಟ್ಟು. ನಾನು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಏನೂ ಮಾಡುತ್ತಿರಲಿಲ್ಲ. ಮಕ್ಕಳ ಜೊತೆಗೇ ನಿದ್ದೆ ಬಂದರೂ ಅಪರಾಧ ಅಂದುಕೊಳ್ಳಬೇಡಿ. ಲಕ್ಷ್ಮಣ ಕಾಡಿಗೆ ಹೋದಾಗ ಅವನ ಪಾಲಿನ ನಿದ್ದೆಯನ್ನೂ ಸೇರಿಸಿ ಊರ್ಮಿಳೆ ಹದಿನಾಲ್ಕು ವರ್ಷ ಮಲಗಿದ್ದಳಂತೆ. ನಮಗೆ ಅಷ್ಟೆಲ್ಲ ಯಾರು ಬಿಡುತ್ತಾರೆ? ಶನಿವಾರ ರಾತ್ರಿ ಒಂಬತ್ತಕ್ಕೇ ಮಲಗುವುದೂ ಒಂದು ಮನರಂಜನೆಯೇ.

ಪ್ರಶ್ನೆ: ಗಂಡ ಮುಂದಿನ ವಾರ ಬರುತ್ತಾರೆ. ದಿನಾಂಕ, ರೈಲು ಎಲ್ಲ ಹಾಕಿ ಸ್ಟೇಟಸ್ ಹಾಕಿಕೊಳ್ಳಲೇ?

ಬೇಡ. ಬಂದು, ಬಟ್ಟೆ ಬದಲಾಯಿಸಿ, ಊಟ ಮಾಡಿದ ಮೇಲೆ ಹಾಕಿ. ಆಗಲೂ ಎಲ್ಲಿಂದ, ಎಷ್ಟು ಜನರ ಜೊತೆ ಬಂದರು ಅನ್ನುವುದು ಬೇಡ. ಒಬ್ಬರ ಸ್ಟೇಟಸ್ಸಿನಿಂದ ಏನಾಗುತ್ತದೆ ಅನ್ನಬೇಡಿ. ಓಡುವವರು ಬಳಸುವ 'ಸ್ಟ್ರಾವಾ' ಆ್ಯಪ್ ತನ್ನ ಬಳಕೆದಾರರ ಓಟದ ದಾರಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಪಂಚದ ನಕ್ಷೆಯೊಂದನ್ನು ಪ್ರಕಟಿಸಿತ್ತು. ಯಾರ ಹೆಸರೂ ಅದರಲ್ಲಿರಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದನ್ನು ನೋಡುತ್ತ, ಕತ್ತಲೆ ಮರುಭೂಮಿಯ ನಡುವೆ ಹೊಳೆಯುವ ಗೆರೆಗಳು ಸೇನಾ ನೆಲೆಗಳೆಂದು ಗುರುತಿಸಿದ. ಬೆಳಗಿನ ಓಟವೇ ಊರಿಗೆಲ್ಲ ಡಂಗುರ ಹೊಡೆದಿತ್ತು.

ಪ್ರಶ್ನೆ: ಫೋನ್ ಬರುತ್ತದೆ, ಅದೇನೂ ತೊಂದರೆಯಿಲ್ಲ. ಆದರೆ "ಊಟ ಆಯ್ತಾ, ಮಕ್ಕಳು ಮಲಗಿದ್ರಾ" ಆದಮೇಲೆ ಇಬ್ಬರಿಗೂ ಮಾತೇ ಇಲ್ಲ. ಅವರು ಅಲ್ಲಿಯದನ್ನು ಹೇಳುವಂತಿಲ್ಲ, ನಾನು ಇಲ್ಲಿಯ ಕಷ್ಟ ಹೇಳಬಾರದು ಅಂದುಕೊಳ್ಳುತ್ತೇನೆ. ಶನಿವಾರದ ಅರ್ಧ ಗಂಟೆ ಮುಳ್ಳಿನ ಮೇಲೆ ಕೂತಂತೆ.

ಮಾತಾಡಬೇಡಿ, ಆಟವಾಡಿ. ನಾವು ಚದುರಂಗ ಆಡುತ್ತೇವೆ, ದಿನಕ್ಕೊಂದೇ ನಡೆ. ಮೇಜಿನ ಮೇಲೆ ಒಂದು ಮಣೆ ಇಲ್ಲಿ, ಅವರ ಪೆಟ್ಟಿಗೆಯಲ್ಲಿ ಒಂದು ಅಲ್ಲಿ. ನಡೆಯನ್ನು ಮೆಸೇಜಿನಲ್ಲಿ ಕಳಿಸುವುದು. ಶನಿವಾರ ಫೋನ್ ಸಿಕ್ಕರೆ ಒಂದೇ ಸಲಕ್ಕೆ ಏಳೆಂಟು ನಡೆ ಓಡುತ್ತವೆ. "ನಿನ್ನ ಆನೆ ಯಾಕೆ ಅಲ್ಲೇ ನಿಂತಿದೆ?" ಅಂತ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಹೇಳಲೇಬಾರದು ಅಂದುಕೊಂಡಿದ್ದ ಬಾಡಿಗೆಯ ರಗಳೆಯೂ ಹೊರಬರುತ್ತದೆ. ನಮ್ಮ ಒಂದು ಆಟ ಹದಿನಾಲ್ಕು ತಿಂಗಳು ನಡೆಯಿತು. ನಡುವೆ ಮಗ ಚೆಂಡು ಎಸೆದು ಎಲ್ಲ ಕಾಯಿ ಚೆಲ್ಲಾಪಿಲ್ಲಿ ಮಾಡಿದಾಗ, ಹಳೆಯ ಮೆಸೇಜುಗಳನ್ನು ಮೊದಲಿನಿಂದ ಓದುತ್ತ ಒಂದೊಂದೇ ಕಾಯಿ ಮತ್ತೆ ಜೋಡಿಸಿದೆ. ಆ ಒಂದು ಸಂಜೆ ಹತ್ತು ಫೋನಿಗೆ ಸಮ. ಕೊನೆಗೆ ಇವರ ಒಂದು ಕಾಲಾಳು ಮಣೆಯಲ್ಲಿ ನನ್ನ ಕಡೆಯ ತುದಿ ಮುಟ್ಟಿ ಮಂತ್ರಿಯಾಗಿ ನನ್ನನ್ನು ಸೋಲಿಸಿತು. ಕಾಲ್ದಳದವರನ್ನು ಮದುವೆಯಾದವಳು ಕಾಲಾಳನ್ನು ಹಗುರವಾಗಿ ಎಣಿಸಬಾರದಿತ್ತು.

ಇದರಲ್ಲಿ ಒಂದು ತಮಾಷೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪತ್ರ ತಪಾಸಕರು ಅಂಚೆಯಲ್ಲಿ ಆಡುವ ಚದುರಂಗವನ್ನೂ, ಪದಬಂಧಗಳನ್ನೂ ತಡೆದಿದ್ದರು. ನಡೆಗಳ ಅಂಕಿ ಅಕ್ಷರಗಳಲ್ಲಿ ಗೂಢಲಿಪಿ ಅಡಗಿರಬಹುದು ಅನ್ನುವ ಅನುಮಾನ. ನಿಮ್ಮವರು ಇರುವಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ಮೊದಲು ಕೇಳಿಕೊಳ್ಳಲಿ.

ಆಟ ಇಷ್ಟವಿಲ್ಲದಿದ್ದರೆ ಕಾಗದ ಬರೆಯಿರಿ. ಈ ಕಾಲದಲ್ಲೂ? ಹೌದು, ಈ ಕಾಲದಲ್ಲೇ. 1945ರಲ್ಲಿ ಯುರೋಪಿನ ಅಮೆರಿಕನ್ ಸೈನಿಕರಿಗೆ ಬಂದ ಕಾಗದಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೂರು ಮುಟ್ಟುವ ರಾಶಿಯಾಗಿ ಬಿದ್ದಿದ್ದವು. ಅವನ್ನು ವಿಂಗಡಿಸಲು ಬಂದದ್ದು ಮೇಜರ್ ಚಾರಿಟಿ ಆ್ಯಡಮ್ಸ್ ನೇತೃತ್ವದ 6888ನೇ ಅಂಚೆ ಬೆಟಾಲಿಯನ್. ಇದರಲ್ಲಿದ್ದವರಲ್ಲಿ ಬಹುತೇಕ ಎಲ್ಲರೂ ಕಪ್ಪು ಮಹಿಳೆಯರು. ಆರು ತಿಂಗಳು ಕೊಟ್ಟಿದ್ದ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸಿದರು. ಒಂದೇ ಹೆಸರಿನವರು ಸಾವಿರಾರು ಜನ ಇದ್ದುದರಿಂದ, ಸೈನಿಕ ಸಂಖ್ಯೆಯನ್ನು ಹಿಡಿದು ಒಬ್ಬೊಬ್ಬರನ್ನು ಪತ್ತೆ ಮಾಡಬೇಕಿತ್ತು. ಬರೀ ಹುದ್ದೆಯನ್ನೋ ಮುದ್ದಿನ ಹೆಸರನ್ನೋ ಬರೆದು ಕಳಿಸಿದ್ದ ಲಕೋಟೆಗಳನ್ನು ಕೈಯಲ್ಲಿ ಹಿಡಿದು ಅವರು ಎಷ್ಟು ತಲೆ ಕೆಡಿಸಿಕೊಂಡಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ನೀವು ವಿಳಾಸ ಪೂರ್ತಿ ಬರೆಯಿರಿ.

ಕಾಗದದಲ್ಲಿ ಏನು ಬರೆಯುವುದು ಅನ್ನುತ್ತೀರಾ? ಕಿಟಕಿಯ ಹೊರಗೆ ಕಂಡದ್ದು. ನಾನು ಒಮ್ಮೆ ಇಡೀ ಎರಡು ಪುಟ ನಮ್ಮ ಪಕ್ಕದ ಮನೆಯವರು ಸೋಫಾವನ್ನು ಮೆಟ್ಟಿಲ ತಿರುವಿನಲ್ಲಿ ಹತ್ತಿಸಲು ಪಟ್ಟ ಪಾಡನ್ನೇ ಬರೆದಿದ್ದೆ. ಅದನ್ನು ಅವರ ಜೊತೆಯವರೆಲ್ಲ ಓದಿಸಿ ಕೇಳಿದರಂತೆ. ನನ್ನ ವಿರಹದ ಕಾಗದಗಳಿಗೆ ಆ ಭಾಗ್ಯ ಬರಲಿಲ್ಲ, ಪುಣ್ಯ.

ಪ್ರಶ್ನೆ: ನನ್ನ ಹೆಂಡತಿ ನೌಕಾಪಡೆಯ ಅಧಿಕಾರಿ. ಕುಟುಂಬಗಳ ಸಂಜೆಕೂಟಕ್ಕೆ ಬರುವ ಆಹ್ವಾನದಲ್ಲಿ "ಮಹಿಳೆಯರಿಗಾಗಿ" ಎಂದೇ ಇರುತ್ತದೆ. ಹೋದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಹೋಗದಿದ್ದರೆ ಒಬ್ಬನೇ. ಗಂಡಸು ಏನು ಮಾಡಬೇಕು?

ನಿಮ್ಮಂಥವರ ಪತ್ರ ಈ ಸಲ ಮೂರು ಬಂದಿವೆ. ಹಾಗಾಗಿ ನೀವೊಬ್ಬರೇ ಅಲ್ಲ. ಆಹ್ವಾನ ಬರೆಯುವವರಿಗೆ ಒಂದು ಸಾಲು ಕಳಿಸಿ: "ಮಹಿಳೆಯರಿಗಾಗಿ" ತೆಗೆದು "ಸಂಗಾತಿಗಳಿಗಾಗಿ" ಹಾಕಿ ಅಂತ. ಹೆಚ್ಚಿನ ಕಡೆ ಹಳೆಯ ಒಕ್ಕಣೆಯನ್ನು ತಿದ್ದಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ, ಅಷ್ಟೇ.

ನಮ್ಮ ಗುಂಪಿಗೆ ಮೊದಲ ಸಲ ಒಬ್ಬ ಗಂಡಸು ಬಂದಾಗ ನಾವೂ ಮಾತು ನಿಲ್ಲಿಸಿದ್ದೆವು, ಒಪ್ಪಿಕೊಳ್ಳುತ್ತೇನೆ. ಆ ಪುಣ್ಯಾತ್ಮ ಬಂದವನೇ ಗಂಟು ಬಿದ್ದ ಉಲ್ಲನ್ ಉಂಡೆಯೊಂದನ್ನು ಚೀಲದಿಂದ ತೆಗೆದು "ಇದನ್ನು ಯಾರಾದರೂ ಬಿಡಿಸಿಕೊಡ್ತೀರಾ? ಮಗಳ ಸ್ಕೂಲಿನದು, ನಾಳೆ ಬೇಕು" ಅಂದ. ಐದು ಜನ ಮುಗಿಬಿದ್ದೆವು. ಅಲ್ಲಿಗೆ ಮುಗಿಯಿತು. ಒಂದು ಎಚ್ಚರಿಕೆ ಮಾತ್ರ: ಮೊದಲ ದಿನವೇ ಯಾರದೋ ಮನೆಯ ಫ್ಯೂಸ್ ಹಾಕಿಕೊಡಬೇಡಿ. ಆಮೇಲೆ ನಿಮಗೆ ಶನಿವಾರವೇ ಇರುವುದಿಲ್ಲ.

ಪ್ರಶ್ನೆ: ಇತರ ಸೈನಿಕರ ಹೆಂಡತಿಯರ ಜೊತೆ ಸೇರಿದರೆ ಹಗುರಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಉಲ್ಟಾ. ಯಾರಿಗೆ ವರ್ಗವಾಯಿತು, ಯಾರಿಗೆ ರಜೆ ರದ್ದಾಯಿತು, ಬರೀ ಅದೇ. ಮನೆಗೆ ಬಂದಮೇಲೆ ತಲೆ ಸಿಡಿಯುತ್ತದೆ.

ಬರೀ ಮಾತಾಡಲೆಂದೇ ಸೇರುವ ಗುಂಪು ಹಾಗೇ ಆಗುವುದು. ಕೈಗೋ ಬಾಯಿಗೋ ಬೇರೆ ಕೆಲಸ ಕೊಡುವ ಗುಂಪು ಹುಡುಕಿ. ಇಂಗ್ಲೆಂಡಿನ ಕ್ಯಾಟರಿಕ್ ಸೇನಾನೆಲೆಯಲ್ಲಿ, ಗಂಡಂದಿರು ಅಫ್ಘಾನಿಸ್ತಾನಕ್ಕೆ ಹೋಗಿದ್ದಾಗ, ಕೆಲವು ಹೆಂಡತಿಯರು ಸೇರಿ 2010ರಲ್ಲಿ ಒಂದು ಗಾಯನವೃಂದ ಮಾಡಿಕೊಂಡರು. ಅವರೇನೂ ಹಾಡುಗಾರ್ತಿಯರಲ್ಲ. ನೋಡುತ್ತ ನೋಡುತ್ತ ಬೇರೆ ನೆಲೆಗಳಲ್ಲೂ ವೃಂದಗಳು ಹುಟ್ಟಿದವು. 2011ರಲ್ಲಿ ಗಂಡ ಹೆಂಡಿರ ನಡುವಿನ ಕಾಗದಗಳ ಸಾಲುಗಳನ್ನೇ ಆಯ್ದು ಕಟ್ಟಿದ ಹಾಡೊಂದು ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ನನಗೆ ಇಷ್ಟವಾದದ್ದು ಪಟ್ಟಿಯ ಸುದ್ದಿಯಲ್ಲ. ಹಾಡುವಾಗ ಯಾರೂ ವರ್ಗಾವಣೆಯ ಮಾತೆತ್ತಲು ಆಗುವುದಿಲ್ಲವಲ್ಲ, ಅದು.

ನಮ್ಮ ಗುಂಪಿನಲ್ಲಿ ಹಾಡಲು ಬರುವವರು ಯಾರೂ ಇಲ್ಲ. ಆದ್ದರಿಂದ ಒಂದು ಅಲಾರಂ ಇಟ್ಟಿದ್ದೇವೆ. ಮೊದಲ ಅರ್ಧ ಗಂಟೆ ಪೋಸ್ಟಿಂಗು, ರಜೆ, ಬಡ್ತಿ, ಕ್ವಾರ್ಟರ್ಸು, ಏನು ಬೇಕಾದರೂ. ಅಲಾರಂ ಹೊಡೆದ ಮೇಲೆ ಆ ಮಾತೆತ್ತಿದವರು ಕೊನೆಗೆ ಕುರ್ಚಿ ಎತ್ತಿಡಬೇಕು. ಕಳೆದ ತಿಂಗಳು ಎಲ್ಲ ಕುರ್ಚಿಯನ್ನೂ ನಾನೇ ಎತ್ತಿಟ್ಟೆ.

ಪ್ರಶ್ನೆ: ಹತ್ತು ತಿಂಗಳ ನಂತರ ಇವರು ಬಂದು ಮೂರು ವಾರವಾಯಿತು. ಶನಿವಾರ ಸಂಜೆ ಬಾಗಿಲು ಕಾಣುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಯಾರೂ ಬರುವುದು ಬೇಡ. ಮಕ್ಕಳ ಗದ್ದಲಕ್ಕೆ ರೇಗುತ್ತಾರೆ. ಹೇಳಲು ನಾಚಿಕೆಯಾಗುತ್ತದೆ, ಅವರಿಲ್ಲದ ಶನಿವಾರಗಳೇ ಚೆನ್ನಾಗಿದ್ದವು ಅನ್ನಿಸುತ್ತದೆ. ನಾನು ಕೆಟ್ಟವಳೇ?

ಅಲ್ಲ. ಈ ಮಾತನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅನ್ನಿಸದವರು ಇನ್ನೂ ಕಡಿಮೆ.

1987ರಲ್ಲಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಎಂಬಾಕೆ ಗಂಡ ದೂರ ಹೋಗಿ ಬರುವ ಅವಧಿಯಲ್ಲಿ ನೌಕಾಪಡೆಯವರ ಹೆಂಡತಿಯರ ಮನಸ್ಸಿನ ಏರಿಳಿತಗಳನ್ನು ಏಳು ಹಂತಗಳಾಗಿ ಬಿಡಿಸಿ ಬರೆದರು. 2001ರಲ್ಲಿ ಅಮೆರಿಕದ ಸೇನಾ ಮನೋವೈದ್ಯರು ಅದನ್ನೇ ಐದು ಹಂತಗಳಿಗೆ ಇಳಿಸಿದರು. ಎರಡರಲ್ಲೂ ಮನೆಗೆ ಬರುವುದು ಕೊನೆಯಲ್ಲ, ಅದೂ ಒಂದು ಹಂತವೇ. ಮತ್ತೆ ಹೊಂದಿಕೊಳ್ಳಲು ಮೂರರಿಂದ ಆರು ತಿಂಗಳು ಹಿಡಿಯಬಹುದು ಅನ್ನುತ್ತದೆ ಎರಡನೆಯದು. ನಿಮ್ಮದು ಮೂರು ವಾರ. ಪಾಲಿನ್ ಬಾಸ್ ಎಂಬ ಸಮಾಜವಿಜ್ಞಾನಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳನ್ನು ಅಧ್ಯಯನ ಮಾಡಿ, ಇದೆಯೋ ಇಲ್ಲವೋ ಎಂದು ತಿಳಿಯದ ಒಂದು ಬಗೆಯ ನಷ್ಟದ ಬಗ್ಗೆ ಹೇಳಿದರು. ಮನುಷ್ಯ ಇಲ್ಲ, ಆದರೆ ಮನಸ್ಸಿನಲ್ಲಿ ಇದ್ದಾನೆ. ಅಥವಾ ಮನುಷ್ಯ ಎದುರಿಗೇ ಕೂತಿದ್ದಾನೆ, ಮನಸ್ಸು ಮಾತ್ರ ಇನ್ನೂ ಬಂದಿಲ್ಲ. ನಿಮ್ಮ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿರುವುದು ಈ ಎರಡನೆಯದು.

ನಮ್ಮವರು ಒಮ್ಮೆ ಹೀಗೇ ಬಹಳ ದಿನದ ಮೇಲೆ ಬಂದರು. ನನಗೆ ಸಹಾಯ ಮಾಡಬೇಕೆಂದು ಶನಿವಾರ ಮಧ್ಯಾಹ್ನ ಅಡುಗೆಮನೆಯ ಶೆಲ್ಫನ್ನೆಲ್ಲ ಒರೆಸಿ, ಎತ್ತರದ ಪ್ರಕಾರ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದರು, ಪರೇಡಿಗೆ ನಿಲ್ಲಿಸಿದ ಹಾಗೆ. ನನ್ನ ಫೋನಿನ ಸ್ಟೀಲ್ ಡಬ್ಬಿ ಖಾಲಿ ಇದ್ದುದರಿಂದ ಅದಕ್ಕೆ ಮೊಳೆ, ಸ್ಕ್ರೂ ತುಂಬಿ ಅಟ್ಟಕ್ಕೆ ಹಾಕಿದರು. ಸಂಜೆ ಅದನ್ನು ಕಂಡು ನಾನು ಅತ್ತ ಅಳು! ಅವರು ಕೈಯಲ್ಲಿ ಬಟ್ಟೆ ಹಿಡಿದು ನಿಂತೇ ಇದ್ದರು. ಒಂದು ಡಬ್ಬಿಗೆ ಯಾರಾದರೂ ಅಳುತ್ತಾರಾ? ಆ ಡಬ್ಬಿ ನನಗೆ ಏನೆಂದು ಅವರಿಗೆ ಹೇಗೆ ಗೊತ್ತಿರಬೇಕು? ಅವರಿಲ್ಲದಾಗ ಕಟ್ಟಿಕೊಂಡ ಸಂಜೆಗಳ ಕಥೆಯನ್ನು ಅವತ್ತು ಮೊದಲ ಸಲ ಹೇಳಿದೆ. ಅವರು ಅಟ್ಟ ಹತ್ತಿ ಮೊಳೆಗಳನ್ನು ಸುರಿದು ಡಬ್ಬಿಯನ್ನು ತೊಳೆದು ತಂದಿಟ್ಟರು. ಕ್ಷಮೆ ಕೇಳಲಿಲ್ಲ. ಅದೆಲ್ಲ ಅವರಿಗೆ ಬರುವುದಿಲ್ಲ.

ಆಮೇಲೆ ಮಾಡಿಕೊಂಡ ಒಪ್ಪಂದ: ಶನಿವಾರ ಆರರಿಂದ ಏಳೂವರೆ ನನ್ನದು, ಅವರಿಲ್ಲದಾಗ ಹೇಗೋ ಹಾಗೇ. ಅವರು ಒಳಗಿನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡರೂ ಸರಿ. ಏಳೂವರೆಯ ನಂತರ ಎಲ್ಲರೂ ಒಟ್ಟಿಗೆ, ಆದರೆ ಹೊರಗಿನವರು ಯಾರೂ ಬೇಡ. ಮೊದಲ ವಾರಗಳಲ್ಲಿ ಅವರಿಗೆ ಆ ಒಂದೂವರೆ ಗಂಟೆಯೇ ಇಷ್ಟವಾಯಿತು. ಎರಡು ತಿಂಗಳಾದ ಮೇಲೆ ಒಂದು ದಿನ ಆರೂಮುಕ್ಕಾಲಿಗೇ ಬಾಗಿಲು ತೆಗೆದು ಬಂದು, ಮೂಲೆಯಲ್ಲಿ ಕೂತು ನಾನು ಹೆಣೆಯುವುದನ್ನು ನೋಡತೊಡಗಿದರು. ನಾನೂ ಏನೂ ಅನ್ನಲಿಲ್ಲ, ಅವರೂ ಏನೂ ಅನ್ನಲಿಲ್ಲ.

ಕುರ್ಚಿಯನ್ನು ಬಾಗಿಲ ಕಡೆಯಿಂದ ತಿರುಗಿಸಲು ಹೋಗಬೇಡಿ, ಅದು ತಾನಾಗಿ ತಿರುಗಲಿ. ಮಕ್ಕಳಿಗೆ ಅಪ್ಪನ ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಆಟ ಸದ್ಯಕ್ಕೆ ಬೇಡವೆಂದು ಹೇಳಿ. ಆದರೆ ಕೆಟ್ಟ ಕನಸು, ನಿದ್ದೆಗೇಡು, ಎಲ್ಲದಕ್ಕೂ ಬೆಚ್ಚುವುದು ತಿಂಗಳಾದರೂ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಕುಡಿತ ಏರಿದರೆ, ಕೈ ಎತ್ತಿದರೆ, "ನಾನಿದ್ದೇನು ಪ್ರಯೋಜನ" ಅನ್ನುವ ಮಾತು ಬಂದರೆ ತಿಂಗಳು ಕಾಯುವುದು ಬೇಡ, ಅವತ್ತೇ. ಅಲ್ಲಿ ಹೆಣಿಗೆಯೂ ಚದುರಂಗವೂ ನಾನೂ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಅವರು ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. 32 ವರ್ಷದ ಮೇಲೆ ಇನ್ನು ಎಲ್ಲ ಶನಿವಾರವೂ ಮನೆಯಲ್ಲೇ. ನನ್ನ ಟೀವಿ, ನನ್ನ ಕುರ್ಚಿ, ನನ್ನ ಮೌನ ಎಲ್ಲ ಹೋಯಿತಲ್ಲಮ್ಮಾ. ಖುಷಿಪಡಬೇಕೋ ಅಳಬೇಕೋ ತಿಳಿಯದು.

ಅಮ್ಮಾ, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಕುರ್ಚಿ ಯಾವುದೆಂದು ಮಾತ್ರ ಅವರು ಪೆಟ್ಟಿಗೆ ಇಳಿಸುವ ಮೊದಲೇ ಹೇಳಿಬಿಡಿ, ಸಾಧ್ಯವಾದರೆ ಅದರ ಮೇಲೆ ಕೂತುಕೊಂಡೇ ಹೇಳಿ. ಟೀವಿಯ ರಿಮೋಟಿನ ವಿಷಯ ನೀವೇ ನೋಡಿಕೊಳ್ಳಬೇಕು. ಆರು ತಿಂಗಳಾದ ಮೇಲೆ ಹೇಗಾಯಿತೆಂದು ನನಗೊಂದು ಕಾಗದ ಹಾಕಿ. ನಮ್ಮವರದು ಇನ್ನು ಎರಡು ವರ್ಷಕ್ಕಿದೆ, ನನಗೆ ಈಗಲೇ ಗೊತ್ತಾಗಬೇಕು.